ಖಣಿಯ ಅಗ್ಘವಣಿ

ಇದು ನಡೆದದ್ದು ನನಗೇ, ಬೇರೆಯವರ ಬಾಯಿಂದ ಕೇಳಿದ್ದಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕಲ್ಲು ಅರೆದು, ಅದರಲ್ಲೇನಿದೆ ಎಂದು ಬರೆದಿಡುವುದು ನನ್ನ ಹೊಟ್ಟೆಪಾಡು. ಅಲ್ಲಿನ ಕ್ಯಾಂಟೀನಿನಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ಮೊದಲು ಗೇಲಿ ಮಾಡುತ್ತಿದ್ದವನು ನಾನೇ. ಈಗ ಸುಮ್ಮನೆ ಚಹಾ ಕುಡಿದು ಎದ್ದುಬಿಡುತ್ತೇನೆ.

ನಮ್ಮಕ್ಕ ಮಹಾದೇವಿಯನ್ನು ಕಾಗಿಣಾ ಹೊಳೆಯ ದಂಡೆಯ ದಂಡೋತಿಗೆ ಕೊಟ್ಟಿತ್ತು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕ್ಯಾನ್ಸರ್ ಎಂದು ಗೊತ್ತಾದಾಗ ಶಹಾಬಾದಿನ ನನ್ನ ಮನೆಗೆ ಕರೆತಂದೆ. ಕಲಬುರಗಿಯ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು.

"ಈ ಔಷಧಿ ಗಂಟಿಗೂ ಹೊಡೀತದ, ಕಿಡ್ನಿಗೂ ಹೊಡೀತದ" ಎಂದರು ಡಾಕ್ಟರರು. "ಕಿಡ್ನಿ ಉಳೀಲಿ ಅಂತ ಸಲೈನ್‌ದಾಗ ಮೆಗ್ನೀಷಿಯಂ ಹಾಕ್ತೀವಿ. ಸೆಲೆನಿಯಂ, ಝಿಂಕ್ ಅಂತ ಗುಳಿಗಿನೂ ಅವ. ಖರೆ, ರಕ್ತ ನೋಡದೆ ನೀವಾಗೇ ಏನೂ ಕೊಡಬ್ಯಾಡ್ರಿ. ನೀರು ಮಾತ್ರ ಭಾಳ ಕುಡಸ್ರಿ."

ಅಕ್ಕನಿಗೆ ನೀರೇ ಸೇರುತ್ತಿರಲಿಲ್ಲ. ತುಕ್ಕು ನೆಕ್ಕಿದಂತಾಗುತ್ತದೆ ಎಂದು ಎರಡು ಗುಟುಕಿಗೇ ವಾಂತಿ ಮಾಡುತ್ತಿದ್ದಳು.

ಆಗ ನನ್ನ ಲ್ಯಾಬಿನ ಬುದ್ಧಿ ಓಡಿತು. ಮೆಗ್ನೀಷಿಯಂ ಎಂದರೆ ನಾನು ದಿನಾ ಬರೆಯುವ ಹೆಸರು, ನಮ್ಮೂರ ಕಲ್ಲಿನಲ್ಲೇ ಇದೆ. ಊರ ಹೊರಗೆ ನೆಲಕ್ಕೆ ಹಾಸುವ ಫರ್ಸಿಕಲ್ಲು ತೆಗೆದು ಬಿಟ್ಟ ಹಳೇ ಖಣಿಯಿದೆ. ಆ ಹೊಂಡದಲ್ಲಿ ವರ್ಷಗಟ್ಟಲೆ ಕಲ್ಲಿಗಂಟಿ ನಿಂತ ನೀರಿನಲ್ಲಿ ಎಷ್ಟಿರಬೇಡ! ಡಾಕ್ಟರರನ್ನು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು.

ಕುಡಿಸುವ ದಾರಿಯನ್ನೂ ನಾನೇ ಹುಡುಕಿದೆ. ಲಿಂಗಪೂಜೆಗೆಂದು ನಸುಕಿನಲ್ಲಿ ಹೊಸದಾಗಿ ತರುವ ನೀರಿಗೆ ಅಗ್ಘವಣಿ ಎನ್ನುತ್ತೇವೆ. ಲಿಂಗಕ್ಕೆರೆದ ಮೇಲೆ ಅದು ಕುಡಿಯುವ ಪಾದೋದಕ. ಏನೇ ಸಂಕಟವಿರಲಿ, ಅಕ್ಕ ಅದರಲ್ಲಿ ಒಂದು ಹನಿಯನ್ನೂ ಚೆಲ್ಲುವವಳಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ತಂಬಿಗೆ ತುಂಬಿ ಮುಂದಿಟ್ಟೆ.

"ಕಾಗಿಣಾ ಹೊಳಿ ನೀರು ತಂದೀನಕ್ಕಾ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಲಿಂಗಕ್ಕೆರೆದು, ಕಣ್ಣು ಮುಚ್ಚಿ ಕುಡಿದಳು. ಹೀಗೆ ಎಂಟು ದಿನ.

ಒಂಬತ್ತನೆಯ ನಸುಕು... ಹೆಂಡತಿ ಚಿತ್ತಾಪುರದ ತವರಿಗೆ ಹೋಗಿದ್ದಳು. ಅಕ್ಕ ಒಬ್ಬಳೇ ಮಲಗಿದ್ದರಿಂದ ಹೊರಗಿನಿಂದ ಬೀಗ ಹಾಕಿ ಹೊರಟೆ. ಖಣಿಯ ಮೆಟ್ಟಿಲಿಳಿದು ಕ್ಯಾನ್ ಅದ್ದಿದೆ. ಬುಳುಬುಳು ಸದ್ದು... ಅದು ನಿಂತಿತು. ನನ್ನ ಬೆನ್ನ ಹಿಂದೆ ಚೂರುಗಲ್ಲು ಸರಿದ ಸದ್ದು.

ಚರ್... ಚರ್...

ಕಾಲೆಳೆದುಕೊಂಡು ಯಾರೋ ಇಳಿಯುತ್ತಿದ್ದರು. ವಿಭೂತಿಯ ವಾಸನೆ ಬಂತು, ಅದರ ಜೊತೆಗೇ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ. ಕಿವಿಯ ಹತ್ತಿರವೇ, ಉಸಿರು ಸಿಕ್ಕಿಕೊಂಡ ದನಿ.

"ತಮ್ಮಾ... ಸಾಕಪ. ಚೆಲ್ಲಿಬಿಡು."

ಕ್ಯಾನ್ ಕೈಜಾರಿತು. ಮೊಬೈಲಿನ ಬೆಳಕು ಬಿಟ್ಟೆ. ಯಾರೂ ಇಲ್ಲ. ಮೆಟ್ಟಿಲ ಮೇಲಿನ ಬಿಳಿ ಹುಡಿಯಲ್ಲಿ ನನ್ನ ಚಪ್ಪಲಿ ಗುರುತಿನ ಪಕ್ಕ ಬರಿಗಾಲಿನ ಗುರುತುಗಳಿದ್ದವು. ನನ್ನ ಹಿಂದಿನ ಮೆಟ್ಟಿಲ ತನಕ ಇಳಿದಿದ್ದವು... ಹತ್ತಿ ಹೋದವು ಒಂದೂ ಇರಲಿಲ್ಲ.

ಮನೆಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಬೀಗ ಹಾಕಿದ ಹಾಗೇ ಇತ್ತು. ತೆಗೆದು ನೋಡಿದರೆ ಅಕ್ಕ ಮಲಗಿದ್ದಾಳೆ. ಕೌದಿಯಿಂದ ಹೊರಗೆ ಚಾಚಿದ ಅವಳ ಎರಡೂ ಅಂಗಾಲಿಗೆ ಬಿಳಿ ಹುಡಿ ಮೆತ್ತಿತ್ತು.

ನಾಲ್ಕು ದಿನದಿಂದ ಅವಳನ್ನು ಬಚ್ಚಲಿಗೂ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ಅಳುತ್ತಲೇ ಒದ್ದೆ ಬಟ್ಟೆಯಿಂದ ಕಾಲು ಒರೆಸಿದೆ. ಅಕ್ಕ ಕಣ್ಣು ಬಿಟ್ಟಳು.

"ಅಕ್ಕಾ, ಹೊರಗ ಹೋಗಿದ್ದೇನು?"

"ಎಲ್ಲಿಗ್ ಹೋಗ್ಲೋ? ನಿಂದ್ರಲಿಕ್ಕೇ ಆಗವಲ್ದು. ಯಾಕ ಅಳಾಕತ್ತಿ?"

ನನಗೆ ತಡೆಯಲಾಗಲಿಲ್ಲ. "ಅದು ಕಾಗಿಣಾ ನೀರಲ್ಲಕ್ಕಾ... ಖಣೀದು."

"ಗೊತ್ತದ" ಎಂದಳು. "ಮೊದಲ ದಿನಾನೇ ಗೊತ್ತಾತು. ಮೂವತ್ತು ವರ್ಷ ಆ ಹೊಳಿ ನೀರು ಕುಡದೀನಿ, ನನಗ ಗೊತ್ತಾಗಂಗಿಲ್ಲೇನು? ನೀ ಅಷ್ಟು ಆಸೆಲಿಂದ ತಂದು ಇಡ್ತಿದ್ದಿ... ಬ್ಯಾಡ ಅಂತ ಹ್ಯಾಂಗ ಅನ್ಲೋ?"

ಮುಂದಿನ ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋತದ್ದು ಕಂಡಿತು. ಕೀಮೋ ನಿಲ್ಲಿಸಿದರು. ಡಾಕ್ಟರರ ಮುಂದೆ ಎಲ್ಲವನ್ನೂ ಹೇಳಿ, ಔಷಧಿಯಿಂದಾಯಿತೋ ನನ್ನ ನೀರಿನಿಂದಾಯಿತೋ ಎಂದು ಕೇಳಿದೆ. ಅವರು ಬೈಯಲಿಲ್ಲ. "ಹೇಳಲಿಕ್ಕ ಬರಂಗಿಲ್ರಿ" ಎಂದು ಕಾಗದ ಮಡಚಿದರು. ಯುಗಾದಿಗೆ ಮುಂಚೆಯೇ ಅಕ್ಕ ಹೋದಳು. ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟೆವು.

ನನ್ನೆದುರು ಬೇಡ ಎನ್ನಲಾರದವಳು ಖಣಿಯ ತನಕ ಬಂದು ಹೇಳಿದಳೋ, ಬೇರೆ ಯಾರು ಬಂದಿದ್ದರೋ, ನನಗಿನ್ನೂ ತಿಳಿದಿಲ್ಲ. ಹೆದರಿಕೆ ಎಂದೋ ಹೋಯಿತು. ಯಾರೇ ಬಂದಿರಲಿ, ಮೊದಲ ದಿನವೇ ಯಾಕೆ ಬರಲಿಲ್ಲ ಎಂದು ಇವತ್ತಿಗೂ ನಸುಕಿನಲ್ಲಿ ಎದ್ದು ಕುಳಿತು ಕೇಳುತ್ತೇನೆ.