ಅತ್ತೆಯ ಕೂಗಿಗೆ ಇಳಿಸಿದ ತಂತಿ

ಆ ಹಾಡಿನ ಅರ್ಥವೇನು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಬರೆದವಳು ನಾನೇ, ಹಾಡಿದವಳೂ ನಾನೇ. ಆದರೂ.

ಸಿಂದಗಿಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಗಿಟಾರ್ ಹಿಡಿದದ್ದು ಧಾರವಾಡದಲ್ಲಿ ಓದುವಾಗ. ಊರಿಗೆ ಮರಳಿದ ಮೇಲೆ ಇಬ್ಬರು ಜೊತೆಯಾದರು. ಒಬ್ಬ ಮೋಟಾರು ರಿಪೇರಿ ಅಂಗಡಿಯವನು, ಡ್ರಮ್ಸ್ ಬಾರಿಸುತ್ತಿದ್ದ. ಇನ್ನೊಬ್ಬ ಇಂಡಿ ಪಟ್ಟಣದ ಲಿಂಬೆ ವ್ಯಾಪಾರಿ, ಭಾನುವಾರದ ಬಸ್ಸಿನಲ್ಲಿ ಬೇಸ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರುತ್ತಿದ್ದ. ಅಂಗಡಿಗೆ ರಜೆ ಇರುವ ಆ ಒಂದು ದಿನ ಸುಟ್ಟ ಮೋಟಾರುಗಳನ್ನು ಗೋಡೆಗೆ ಸರಿಸಿ, ಷಟರ್ ಅರ್ಧ ಎಳೆದು ನುಡಿಸುತ್ತಿದ್ದೆವು. ಗಿಟಾರಿನದು ಗದ್ದಲ, ಹಾಡುವುದು ಮೆಲ್ಲಗೆ. ಲಿಂಬೆ ವ್ಯಾಪಾರಿ ಅದನ್ನು ಆಲ್ಟರ್ನೇಟಿವ್ ರಾಕ್ ಎನ್ನುತ್ತಿದ್ದ. ಪಕ್ಕದ ಚಹಾದಂಗಡಿಯವರು ಒಮ್ಮೆ ಇಣುಕಿ, "ಮೇಡಮ್ಮಾರ, ಇದು ರಿಪೇರಿನೋ, ಹಾಡೋ?" ಎಂದು ಕೇಳಿದ್ದರು.

ಆ ಹಾಡಿನ ಮೊದಲ ಸಾಲು ಸಿಂದಗಿ ಬಸ್ ನಿಲ್ದಾಣದಲ್ಲಿ ಹೊಳೆಯಿತು: "ದಾರಿ ಮುಂದ ಹೊಂಟೈತಿ, ಕಾಲು ಹಿಂದ ನಿಂತಾವ." ಕಲಬುರಗಿ ಬಸ್ಸು ಬಂದು ಹೋಗಿತ್ತು. ನಾನು ಹತ್ತಿರಲಿಲ್ಲ. ಏಕೆ ಹತ್ತಲಿಲ್ಲವೆಂದು ನನಗೇ ಗೊತ್ತಿರಲಿಲ್ಲ. ಹಾಡು ಒಂದು ತಿಂಗಳಲ್ಲಿ ರೂಪುಗೊಂಡಿತು, ಆದರೆ ನಡುವೆ ಒಂದು ಜಾಗ ಖಾಲಿ ಉಳಿಯಿತು. ಎಲ್ಲ ವಾದ್ಯ ಒಮ್ಮೆಲೇ ನಿಲ್ಲಬೇಕು, ಆ ಮೌನದಲ್ಲಿ ಏನೋ ಕೇಳಿಸಬೇಕು. ಏನೆಂದು ಮೂವರಿಗೂ ತಿಳಿಯದು. ಗಾಳಿಯೋ, ಕುರಿಗಳ ಕೊರಳ ಗಂಟೆಯೋ ಸಿಕ್ಕೀತೆಂದು ನಾನು ಹತ್ತಿರದ ಹಳ್ಳಿ ಯಂಕಂಚಿಗೆ ಹೋದೆ. ಅಲ್ಲಿ ಅಪ್ಪನ ಅಕ್ಕ ಇದ್ದಾಳೆ. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದವಳು.

ಬಿಳಿಜೋಳದ ಹೊಲದ ಬದುವಿನಲ್ಲಿ ಮೊಬೈಲ್ ಹಿಡಿದು ಎಷ್ಟೋ ಹೊತ್ತು ನಿಂತೆ. ಗಾಳಿ ಚೆನ್ನಾಗಿ ಸಿಕ್ಕಿತು. ಅಷ್ಟರಲ್ಲಿ ದೂರದಿಂದ ಅತ್ತೆ ಕೂಗಿದಳು: "ಇತ್ತಾಗ ಬಾ... ಬಾ ಇತ್ತಾಗ..." ರೆಕಾರ್ಡಿಂಗ್ ಕೆಟ್ಟಿತೆಂದು ಸಿಟ್ಟು ಬಂತು. ಅವಳ ಕಡೆ ತಿರುಗಿ ಬಾಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಮತ್ತೆರಡು ಸಲ ಕೂಗಿ ಸುಮ್ಮನಾದಳು.

ಅಂಗಡಿಯಲ್ಲಿ ಅದನ್ನು ಕೇಳಿಸಿದಾಗ ಡ್ರಮ್ಸ್‌ನವನು ಕೋಲು ಕೆಳಗಿಟ್ಟ.

"ಗಾಳಿ ಬ್ಯಾಡ್ರಿ ಅಕ್ಕಾರ. ಇದ ಇರಲಿ."

ಆದರೆ ಅತ್ತೆಯ ದನಿ ನಮ್ಮ ಶ್ರುತಿಗೆ ಕೂಡುತ್ತಿರಲಿಲ್ಲ, ತುಸು ತಗ್ಗಿನಲ್ಲಿತ್ತು. ಕಂಪ್ಯೂಟರಿನಲ್ಲಿ ಏರಿಸಿದರೆ ಅದು ಅವಳ ದನಿಯೇ ಅನಿಸಲಿಲ್ಲ. ಕೊನೆಗೆ ನಮ್ಮ ತಂತಿಗಳನ್ನೇ ಅವಳ ಕೂಗಿನ ಮಟ್ಟಕ್ಕೆ ಇಳಿಸಿ ಇಡೀ ಹಾಡನ್ನು ಹೊಸದಾಗಿ ನುಡಿಸಿದೆವು. ಅವಳನ್ನು ಒಂದು ಮಾತು ಕೇಳಬೇಕೆಂದು ಮೂವರಿಗೂ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು.

ಯೂಟ್ಯೂಬಿಗೆ ಹಾಕಿದ ಮೇಲೆ ಬಹಳ ದಿನ ಏನೂ ಆಗಲಿಲ್ಲ. ಆಮೇಲೆ ಯಾರೋ ತಮ್ಮ ಮಗಳು ಗಂಡನ ಮನೆಗೆ ಹೊರಟ ವಿಡಿಯೋಕ್ಕೆ ಆ ಕೂಗನ್ನು ಜೋಡಿಸಿದರು. ಅಲ್ಲಿಂದ ಅದು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಬಸ್ಸಿನಲ್ಲಿ, ಮದುವೆಯ ಡಿಜೆಯಲ್ಲಿ, ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ, ಎಲ್ಲೆಲ್ಲೂ ಅದೇ. ಒಬ್ಬರು ಇದು ಪ್ರೇಮಗೀತೆ ಎಂದರು. ತೀರಿಹೋದ ತಾಯಿ ಕರೆದಂತಾಯಿತೆಂದು ಒಬ್ಬರು ಉದ್ದನೆಯ ಪತ್ರ ಬರೆದರು. ಬಸವನ ಬಾಗೇವಾಡಿಯಲ್ಲಿ ಮೈಕು ಹಿಡಿದ ವರದಿಗಾರರೊಬ್ಬರು ಆ ಕೂಗು ಏನೆಂದು ಕೇಳಿದಾಗ ನಾನು, "ಅದು ಕುರಿ ಕರಿಯೋ ಕೂಗ್ರಿ, ನಮ್ಮ ನೆಲದ ದನಿ" ಎಂದುಬಿಟ್ಟೆ. ಎಲ್ಲರಿಗೂ ಹಿಡಿಸಿತು. ಅದನ್ನೇ ಹೇಳುತ್ತ ಹೋದೆ.

ಮುದ್ದೇಬಿಹಾಳದ ಕಾಲೇಜೊಂದು ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆಯಿತು. ಕೂಗಿದ ತಾಯಿಯನ್ನೂ ಕರೆತನ್ನಿ ಎಂದರು. ಅವಳಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ. ಯಂಕಂಚಿಗೆ ಹೋಗಿ ಅತ್ತೆಯ ಮುಂದೆ ಕೂತೆ.

"ಗೊತ್ತೈತಿ," ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ. "ಬಾಜು ಹೊಲದ ಟ್ರ್ಯಾಕ್ಟರದಾಗ ನನ್ನ ದನಿ ಬಂತು. ನಾ ಇಲ್ಲೇ ಅದೇನಿ, ಅಲ್ಲಿ ಯಾಂವ ನನ್ನ ಹಂಗ ಒದರ್ತಾನ ಅಂತ ಎದ್ದು ನೋಡಿದೆ."

"ತಪ್ಪಾತು ಅತ್ತಿ. ಕುರಿ ಕರಿಯೂದು ಚಲೋ ಕೇಳಿಸ್ತು ಅಂತ..."

"ಕುರಿಗಿ ಯಾರು ಬಾ ಅಂತ ಒದರ್ತಾರ? ನಾಲಿಗಿ ಸಪ್ಪಳ ಮಾಡಿದ್ರ ಸಾಕು, ಬರ್ತಾವ."

ಹಾಗಾದರೆ ಆವತ್ತು ಯಾರನ್ನು ಕರೆದದ್ದು ಎಂದು ಕೇಳಿದೆ.

"ಆವತ್ತ ನಿನ್ನ ಕರದಿದ್ದು," ಎಂದಳು. "ರೊಟ್ಟಿ ಆರಾಕತ್ತಿದ್ವು. ಮೂರು ಸಲ ಕರದೆ. ನೀ ಬಾಯಿ ಮ್ಯಾಲ ಬಳ್ಳ ಇಟ್ಟಿ. ಉಣ್ಣದನ ಬಸ್ಸಿಗೆ ಹೋದಿ."

ಹೌದು, ಹೋಗಿದ್ದೆ. ಅದು ನೆನಪಿಗೆ ಬಂದದ್ದೇ ಆಗ. ಊರೆಲ್ಲ ಕೇಳುತ್ತಿದ್ದದ್ದು ನನ್ನನ್ನು ಊಟಕ್ಕೆ ಕರೆದ ದನಿ, ಅದನ್ನು ಕೇಳಿಸಿಕೊಳ್ಳದವಳು ನಾನೊಬ್ಬಳೇ. ನಾಚಿಕೆಯೋ ಸಂತೋಷವೋ ತಿಳಿಯಲಿಲ್ಲ. ಹಾಡಿನಿಂದ ಆ ದನಿಯನ್ನು ತೆಗೆದುಹಾಕಲೇ ಎಂದು ಕೇಳಿದೆ.

"ಈಗ್ಯಾಕ ತಗೀತಿ? ಮಂದಿ ಕೇಳಾಕತ್ಯಾರಲ್ಲ. ಮುಂದಿನ ಸಲ ಹೇಳಿ ಮಾಡು."

ಮುದ್ದೇಬಿಹಾಳಕ್ಕೆ ಅವಳು ಬಂದಳು, ಆದರೆ ವೇದಿಕೆ ಹತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕಿವಿಗೆ ಸೆರಗು ಒತ್ತಿಕೊಂಡು ಕೂತಳು. ಸಂಜೆಯ ಬಿಸಿಲು ಇನ್ನೂ ಮೈದಾನದಲ್ಲಿತ್ತು. ಹಾಡಿನ ನಡುವಿನ ಮೌನ ಬಂದಾಗ ನಾವು ಅವಳ ಧ್ವನಿಮುದ್ರಣ ಹಾಕುವ ಮೊದಲೇ ಅಷ್ಟೂ ವಿದ್ಯಾರ್ಥಿಗಳು ಒಟ್ಟಿಗೆ ಕೂಗಿದರು, "ಇತ್ತಾಗ ಬಾ!" ಅತ್ತೆ ಸೆರಗು ಬಿಟ್ಟು ಹಿಂದೆ ತಿರುಗಿ ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡತೊಡಗಿದಳು. ನನಗೆ ಹಾಡಿನ ಮುಂದಿನ ಸಾಲು ಮರೆತುಹೋಯಿತು. ಲಿಂಬೆ ವ್ಯಾಪಾರಿ ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತ ನನಗಾಗಿ ಕಾದ.

ಮರಳುವ ಬಸ್ಸಿನಲ್ಲಿ ಅತ್ತೆ ಕೇಳಿದಳು, "ಅಷ್ಟು ಮಂದಿ ಯಾರನ್ನ ಕರಿಯಾಕತ್ತಿದ್ರು?"

"ಗೊತ್ತಿಲ್ಲ ಅತ್ತಿ."

"ಅವರಿಗರ ಗೊತ್ತೈತೇನು?"

ಅವಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು.

ಆಮೇಲೆ ನಾವು ಇನ್ನೊಂದು ಹಾಡು ಮಾಡಿದೆವು. ಈ ಸಲ ಎಲ್ಲವನ್ನೂ ಯೋಚಿಸಿ, ಪ್ರತಿ ಸಾಲಿನ ಅರ್ಥ ತಿಳಿದುಕೊಂಡೇ ಮಾಡಿದೆವು. ಬಾಗೇವಾಡಿ ಕಡೆಯ ಮಸೂತಿ ಎಂಬ ಹಳ್ಳಿಯಿಂದ ಒಬ್ಬರು ಚೆನ್ನಾಗಿದೆ ಎಂದು ಫೋನು ಮಾಡಿದ್ದರು. ಬೇರೆ ಯಾರೂ ಕೇಳಿದಂತಿಲ್ಲ. ಡ್ರಮ್ಸ್‌ನವನ ಪ್ರಕಾರ ಅದೇ ನಮ್ಮ ಒಳ್ಳೆಯ ಹಾಡು. ಇರಬಹುದು. ಮೊನ್ನೆ ಅವನ ಅಂಗಡಿಯಲ್ಲಿ ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಯಾವುದು ಒಳ್ಳೆಯದೆಂದು ನನಗೆ ಗೊತ್ತಾಗಲಿಲ್ಲ.