ಬೆಣ್ಣೆಯಲ್ಲಿ ಕಲಸಿದ ಮುಲಾಮು

ಆಗ ಅಂಧೇರಿಯ ನಮ್ಮ ಭಾಗದಲ್ಲಿ ಬಿಲ್ಡಿಂಗುಗಳಿಗಿಂತ ಬಿಲ್ಡಿಂಗು ಕಟ್ಟುವವರ ಜೋಪಡಿಗಳೇ ಹೆಚ್ಚು. ನಾವು ಬಿಜಾಪುರದ ಕಡೆಯವರು. ಅಪ್ಪ ಸಿಮೆಂಟು ಕಲಸುತ್ತಿದ್ದ. ಸಿಮೆಂಟಿಗೆ ಅವನ ಅಂಗೈ ಬಿರಿದಿತ್ತು, ಬೆರಳ ಸಂದಿಯಲ್ಲಿ ನೀರು ಒಸರುತ್ತಿತ್ತು. ಖಾರದ ಪಲ್ಯ ತಾಗಿದರೆ ಉರಿ ಅಂತ ನಾನೇ ರೊಟ್ಟಿ ಮುರಿದು ಅವನ ಬಾಯಿಗಿಡುತ್ತಿದ್ದೆ.

ದವಾಖಾನೆಯಲ್ಲಿ ಒಂದು ಟ್ಯೂಬು ಮುಲಾಮು ಕೊಟ್ಟರು. ಅವ್ವ ಅದನ್ನು ಪೂರಾ ಹಿಂಡಿ, ಊರಿನಿಂದ ಬಂದ ಎಮ್ಮೆ ಬೆಣ್ಣೆಯಲ್ಲಿ ಕಲಸಿ ಡಬ್ಬಿಗೆ ತುಂಬಿದಳು. ನಮ್ಮ ಜೋಪಡಿ ಸಾಲಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಬೆಣ್ಣೆ ಸೇರಿಸಿದರೆ ಮುಲಾಮು ಹೆಚ್ಚು ದಿನ ಬರುತ್ತದೆ, ಉರಿಯೂ ತಗ್ಗುತ್ತದೆ ಅಂತ. ಖಾಲಿ ತಗಡಿನ ಟ್ಯೂಬು ನನಗೆ ಸಿಕ್ಕಿತು. ಕತ್ತರಿಸಿ, ಬಿಡಿಸಿ, ಅಕ್ಷರವೆಲ್ಲ ಹೋಗುವ ತನಕ ಉಸುಕಿನಲ್ಲಿ ತಿಕ್ಕಿದೆ. ಗೊಂಬೆಯಾಟಕ್ಕೆ ಬೆಳ್ಳಿ ತಾಟಾಯಿತು.

ಮೋತ್ಯಾ ನಮ್ಮ ಸಾಲಿನ ನಾಯಿ. ಯಾರು ರೊಟ್ಟಿ ಹಾಕಿದರೂ ತಿನ್ನುತ್ತಿತ್ತು, ಮಲಗಲು ಮಾತ್ರ ನನ್ನ ಕಾಲ ಬಳಿ ಬರುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದ ಅಪ್ಪನ ಕೈಗೆ ಮುಲಾಮು ಹಚ್ಚಿದವಳು ಡಬ್ಬಿ ಮುಚ್ಚದೆ ಆಡಲು ಓಡಿದೆ. ಬಂದು ನೋಡಿದರೆ ಡಬ್ಬಿ ತೊಳೆದಿಟ್ಟಂತಿತ್ತು, ಮೋತ್ಯಾ ಮೂತಿ ನೆಕ್ಕುತ್ತಿತ್ತು.

ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಯಿತು, ಕಾಲು ನಡುಗಿದವು. ಪಕ್ಕದ ಜೋಪಡಿಯ ಗಂಗವ್ವ ಕಾಕಿ ಬಂದಳು.

"ಏನ್ ನೋಡ್ಕೋತ ನಿಂತೀರಿ? ಉಪ್ಪಿನ ನೀರ ಕುಡಸ್ರಿ. ಉಪ್ಪು ಜಾಸ್ತಿ ಹಾಕ್ರಿ, ಎಲ್ಲಾ ಕಾರ್ತೈತಿ."

ಅವ್ವ ಮೋತ್ಯಾನ ಬಾಯಿ ಹಿಡಿದಳು, ನಾನು ಹೊಯ್ದೆ. ಎರಡು ತಂಬಿಗೆ. ನಾಯಿ ಕಾರಲಿಲ್ಲ.

ಸುದ್ದಿ ತಿಳಿದು ಅಪ್ಪ ಕೆಲಸ ಬಿಟ್ಟು ಬಂದ. ಸಿಮೆಂಟು ಹೊರುವ ಘಮೇಲಾದಲ್ಲಿ ಮೋತ್ಯಾನನ್ನು ಮಲಗಿಸಿ, ತಲೆಯ ಮೇಲೆ ಹೊತ್ತು, ಎಮ್ಮೆಗಳ ತಬೇಲಾಕ್ಕೆ ನಡೆದ. ಅಲ್ಲಿಗೆ ದನದ ಡಾಕ್ಟರು ಬರುತ್ತಿದ್ದರು. ನಾನೂ ಹಿಂದೆ ಹೋದೆ.

"ದವಾಯಿ ಕಾ ನಾಮ್ ಕ್ಯಾ ಹೈ?" ಅಂತ ಔಷಧಿಯ ಹೆಸರು ಕೇಳಿದರು ಡಾಕ್ಟರು.

ಅಪ್ಪ ನನ್ನ ಕಡೆ ತಿರುಗಿದ. "ಟ್ಯೂಬ್ ಎಲ್ಲೈತಿ? ಓಡು, ತಗೊಂಬಾ."

ಓಡಿ ಹೋಗಿ ಗೊಂಬೆಯಾಟದ ಆ ತಾಟನ್ನೇ ತಂದುಕೊಟ್ಟೆ. ಡಾಕ್ಟರು ಅದನ್ನು ಬಿಸಿಲಿಗೆ ಹಿಡಿದು ಆಚೆ ಈಚೆ ಹೊರಳಿಸಿದರು. "ಲಿಖಾ ಕಹಾಂ ಹೈ?" ಬರೆದದ್ದು ಎಲ್ಲಿ ಅಂತ.

"ನಾನೇ ತಿಕ್ಕೀನ್ರಿ," ಅಂದೆ.

ಉಪ್ಪು ಕುಡಿಸಿದ್ದು ಕೇಳಿ ಹಣೆ ಚಚ್ಚಿಕೊಂಡರು. ನಿಮಗೆ ತೋಚಿದಂತೆ ಕಾರಿಸಲು ಹೋಗಬೇಡಿ, ಉಪ್ಪೇ ವಿಷವಾಗುತ್ತದೆ. ತಿಂದ ಔಷಧಿಯ ಹೆಸರು ತನ್ನಿ, ಎಷ್ಟು ತಿಂದಿತು ಹೇಳಿ, ತಡಮಾಡಬೇಡಿ ಎಂದು ಹಿಂದಿಯಲ್ಲಿ ಬೈದರು. ಒಂದು ಸೂಜಿ ಚುಚ್ಚಿದರು. ಹೆಸರಿಲ್ಲದ ಔಷಧಿಗೆ ಇನ್ನೇನು ಮಾಡಲಿ ಅಂದರು.

ಮೋತ್ಯಾ ಮರುದಿನ ಮುಂಜಾನೆ ಸತ್ತಿತು. ಮುಲಾಮಿನಿಂದಲೋ ಉಪ್ಪಿನಿಂದಲೋ, ಯಾರು ಹೇಳಬೇಕು? ಎರಡೂ ನನ್ನ ಕೈಯಿಂದಲೇ ಹೋದದ್ದು. "ನಾ ಬೆಣ್ಣಿ ಕಲಸಬಾರದಿತ್ತು," ಅಂದಳು ಅವ್ವ. ಗಂಗವ್ವ ಕಾಕಿ ನಾಲ್ಕು ದಿನ ನಮ್ಮ ಕಡೆ ಸುಳಿಯಲಿಲ್ಲ. ಅಪ್ಪ ಬಿಲ್ಡಿಂಗಿನ ಪಾಯದ ಪಕ್ಕ, ಆ ಬಿರಿದ ಕೈಯಿಂದಲೇ ಗುಂಡಿ ತೋಡಿದ. ನಾನು ಸಲಿಕೆ ಹಿಡಿಯಲು ಹೋದೆ.

"ಆಚೆ ಸರಿ," ಅಂದ. ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಮೊಮ್ಮಗಳ ಜೊತೆ ಆ ರಸ್ತೆಗೆ ಹೋಗಿದ್ದೆ, ದಾರಿಯಲ್ಲಿ ಮೋತ್ಯಾನ ಕತೆ ಹೇಳಿದ್ದೆ. ತಬೇಲಾ ಇಲ್ಲ. ಜೋಪಡಿ ಇಲ್ಲ. ಅಪ್ಪ ಕಟ್ಟಿದ ಬಿಲ್ಡಿಂಗನ್ನೂ ಕೆಡವಿ, ಗಾಜಿನದೊಂದು ನಿಲ್ಲಿಸಿದ್ದಾರೆ.

"ಅಜ್ಜಿ, ವೋ ಡಾಗ್ ಎಲ್ಲಿ ಇದೆ ಈಗ?" ಅಂತ ಕೇಳಿದಳು.

ತೋರಿಸಲು ಬೆರಳೆತ್ತಿದೆ. ಎತ್ತ ತೋರಿಸಬೇಕೆಂದು ಗುರುತು ಹತ್ತಲಿಲ್ಲ. ಹಳೇ ಪಾಯ ಅಗೆದು ಲಾರಿಗೆ ತುಂಬುವಾಗ ಅದರ ಎಲುಬೂ ಹೋಗಿರಬೇಕು. ತಪ್ಪಾಯಿತು ಅನ್ನಲು ನನಗೆ ಒಂದು ಜಾಗವೂ ಉಳಿದಿಲ್ಲ.

"ಇಲ್ಲೇ ಎಲ್ಲೋ," ಅಂದೆ.