ನೀಲವ್ವನ ಬರಿಗೈ

ಗಾಜಿನ ಬಳೆ ಇಡಿಸಿಕೊಳ್ಳುವಾಗ ಕೈ ಸಡಿಲ ಬಿಡಬೇಕು ನೋಡಿ. ಹೆದರಿ ಬಿಗಿಹಿಡಿದರೆ ಬಳೆಯೂ ಒಡೆಯುತ್ತದೆ, ಕೈಯೂ ತರಚುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನೀಲವ್ವ. ಎಪ್ಪತ್ತರ ದಶಕದಲ್ಲಿ ನಾನು ಸವದತ್ತಿಯಲ್ಲಿ ಶಿಕ್ಷಕಿಯಾಗಿದ್ದಾಗ ಅವಳದು ಪಕ್ಕದ ಮನೆ. ಅವಳ ಗಂಡ ಬದುವಿನ ಜಗಳದಲ್ಲಿ ನೆರೆಹೊಲದ ಅಪ್ಪ-ಮಗ ಇಬ್ಬರನ್ನೂ ಕಡಿದು ಹಾಕಿದ್ದ. ಗಲ್ಲು ಶಿಕ್ಷೆಯಾಗಿ ಬೆಳಗಾವಿಯ ಜೈಲಿನಲ್ಲಿದ್ದ. ಕ್ಷಮಾದಾನದ ಅರ್ಜಿ ದಿಲ್ಲಿಗೆ ಹೋಗಿತ್ತು, ಉತ್ತರ ಬಂದಿರಲಿಲ್ಲ.

ಅಲ್ಲಿಯತನಕ ಗಲ್ಲೋ ಜೀವಾವಧಿಯೋ ಎಂಬುದು ನನಗೆ ಶಾಲೆಯ ಚರ್ಚಾಸ್ಪರ್ಧೆಯ ವಿಷಯವಾಗಿತ್ತು. ಎರಡೂ ಕಡೆಯ ಭಾಷಣಗಳನ್ನು ನಾನೇ ಬರೆದುಕೊಡುತ್ತಿದ್ದೆ. ಈಗ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ನಾನೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಮನೆಗೆ ಕಾಗದ ತಲುಪುವ ಮೊದಲೇ ಗಲ್ಲಿಗೇರಿಸಿ ಮುಗಿಸಿಬಿಡುತ್ತಾರೆಂಬ ಗಾಳಿಸುದ್ದಿ ಬೇರೆ ಓಣಿ ತುಂಬ ಹಬ್ಬಿತ್ತು. ಜೈಲಿನಲ್ಲಿ ಜನ್ಮ ಸವೆಸುವುದೂ ಸಣ್ಣ ಶಿಕ್ಷೆಯಲ್ಲ, ಒಪ್ಪುತ್ತೇನೆ. ಗಂಡನನ್ನೂ ಮಗನನ್ನೂ ಒಂದೇ ದಿನ ಕಳೆದುಕೊಂಡ ಆ ಹೆಣ್ಣುಮಗಳ ಎದುರು ನಿಂತು ದಯೆಯ ಮಾತಾಡುವ ಧೈರ್ಯವೂ ನನಗಿಲ್ಲ. ಆದರೂ ಉಂಡು ಮಲಗಿ ಏಳುತ್ತಿರುವ ಮನುಷ್ಯನೊಬ್ಬನ ಸಾವಿಗೆ ಮುಹೂರ್ತ ಗೊತ್ತುಮಾಡಿ ನಾವೆಲ್ಲ ಕೂಡಿ ಕಾಯುವುದಿದೆಯಲ್ಲ, ಅದು ಅಂದೂ ನನ್ನನ್ನು ಹೆದರಿಸಿತ್ತು, ಇಂದಿಗೂ ಹೆದರಿಸುತ್ತದೆ.

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಸವದತ್ತಿ ಗುಡ್ಡದ ದೇವಿ ಎಲ್ಲಮ್ಮ ವಿಧವೆಯಾಗುತ್ತಾಳೆ. ಗುಡ್ಡದಲ್ಲಿ ತಾಯಿಯ ಹೆಸರಿನಲ್ಲಿ ಬಳೆ ಒಡೆಯುತ್ತಾರೆ. ಎರಡು ತಿಂಗಳ ನಂತರ ಭಾರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆ, ಮತ್ತೆ ಹಸಿರು ಬಳೆ. ಆ ವರ್ಷ ನೀಲವ್ವ ಯಾರಿಗೂ ಹೇಳದೆ ಗುಡ್ಡಕ್ಕೆ ಹೋಗಿ ತನ್ನ ಬಳೆಗಳನ್ನೂ ಒಡೆದುಕೊಂಡು ಬಂದಳು. ಅವಳ ಅತ್ತೆ ಎದೆ ಬಡಿದುಕೊಂಡಳು.

"ಸರಕಾರಕ್ಕಿಂತ ಮೊದಲ ನೀನ ಕೊಂದ್ಯಲ್ಲ ನನ್ನ ಮಗನ್ನ!"

"ತಾಯಿ ಸಂಗಾಟ ಒಡಕೊಂಡೇನ್ರಿ ಅತ್ತಿ," ಎಂದಳು ನೀಲವ್ವ. "ಆಕಿಗೆ ತಿರಗಿ ಬಳಿ ಬಂದ್ರ ನನಗೂ ಬರ್ತಾವು."

ಭಾರತ ಹುಣ್ಣಿಮೆ ಬಂತು, ದಿಲ್ಲಿಯ ಕಾಗದ ಬರಲಿಲ್ಲ. ಉಗರಗೋಳದಿಂದ ಬಂದ ಬಳೆಗಾರನ ಮುಂದೆ ನೀಲವ್ವ ಬರಿಗೈ ಚಾಚಿ ಕುಳಿತಳು, ಜೊತೆಗೆ ನಾನಿದ್ದೆ. ಅವಳ ಕತೆ ಅವನಿಗೆ ಗೊತ್ತಿರಲಿಲ್ಲ. ಒಂದು ಚೂರು ಗಾಜೂ ಇಲ್ಲದ ಕೈ ಕಂಡು ಅವನು ಕೇಳಲೇಬೇಕಾದದ್ದನ್ನು ಕೇಳಿದ.

"ಗಂಡ ಅದಾನೇನವ್ವಾ?"

ನೀಲವ್ವ ನನ್ನ ಕಡೆ ತಿರುಗಿದಳು. "ಅಕ್ಕೋರ, ಇವತ್ತ ಅದಾನಲ್ರಿ?"

ಜೀವಾವಧಿ ಶಿಕ್ಷೆಯಾಗಿದ್ದರೆ ಹೂಂ ಅನ್ನಬಹುದಿತ್ತು. ಬೆಳಗಾವಿಯ ಜೈಲಿನಲ್ಲಿ ಆ ಮುಂಜಾನೆ ಏನಾಗಿತ್ತೋ ನನಗೇನು ಗೊತ್ತು? ಬಳೆಗಾರ ಅವಳ ಕೈ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದ.